ದೀಪ ಕೊಟ್ಟಿರಿ, ಕೀಲಿ ಯಾರ ಹತ್ತಿರ?

ದೇವಾಲಯದಲ್ಲಿ ಯೇಸುಸ್ವಾಮಿಯ ಸಮರ್ಪಣೆಯ ಹಬ್ಬ – ಫೆಬ್ರವರಿ 2
ವಾಚನಗಳು: ಮಲಾಕಿ 3:1-4, ಹಿಬ್ರಿಯರಿಗೆ 2:14-18, ಲೂಕ 2:22-40

(ಬೆಳಗಾವಿಯ ಕ್ಯಾಂಪಿನಲ್ಲಿ ಹಬ್ಬದ ಸಂಜೆಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆಯ ಬರಹರೂಪ)



ಇಂದು ನಾವು ದೇವಾಲಯದ ಬಾಗಿಲಲ್ಲಿ ನಿಂತು ಮೇಣದ ಬತ್ತಿಗಳನ್ನು ಆಶೀರ್ವದಿಸಿ, ಅವನ್ನು ಹೊತ್ತಿಸಿಕೊಂಡು ಮೆರವಣಿಗೆಯಲ್ಲಿ ಒಳಗೆ ಬಂದೆವು. ಗಾಳಿಗೆ ಆರದ ಹಾಗೆ ಒಂದು ಕೈ ಅಡ್ಡ ಹಿಡಿದು ನಡೆದೆವು. ಒಬ್ಬರ ಬತ್ತಿ ಆರಿದರೆ ಪಕ್ಕದವರು ತಮ್ಮದನ್ನು ಬಾಗಿಸಿ ಹೊತ್ತಿಸಿಕೊಟ್ಟರು. ಬೆಳಕು ಹಂಚಿದ್ದರಿಂದ ಯಾರ ಬತ್ತಿಯ ಬೆಳಕೂ ಕಡಿಮೆಯಾಗಲಿಲ್ಲ. ಇದನ್ನು ನೋಡಿದಾಗ ಈ ಹಬ್ಬದ ಅರ್ಧ ಪ್ರಬೋಧನೆ ಬಾಗಿಲಲ್ಲೇ ಮುಗಿದಿದೆ ಎಂದು ನನಗೆ ಅನಿಸಿತು. ಉಳಿದ ಅರ್ಧವನ್ನು ಹೇಳುವುದು ಸ್ವಲ್ಪ ಕಷ್ಟದ ಕೆಲಸ. ದಯವಿಟ್ಟು ತಾಳ್ಮೆಯಿಂದ ಕೇಳಬೇಕು.

ಇಂದು ಸಮರ್ಪಿತ ಜೀವನದ ದಿನವೂ ಹೌದು. ಸಂತ ಎರಡನೇ ಜಾನ್ ಪೌಲರು 1997ರಲ್ಲಿ ಈ ಆಚರಣೆಯನ್ನು ಆರಂಭಿಸಿದರು. ನಮ್ಮ ಶಾಲೆ, ಆಸ್ಪತ್ರೆಗಳಲ್ಲಿ, ಕಾಡಂಚಿನ ಊರುಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿರುವ ಎಲ್ಲ ಧರ್ಮಭಗಿನಿಯರಿಗೂ ಧಾರ್ಮಿಕ ಸಹೋದರರಿಗೂ ಹಬ್ಬದ ಶುಭಾಶಯಗಳು.

ಶುಭಸಂದೇಶದ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ಬಡಗಿ, ಒಬ್ಬ ತರುಣಿ ತಾಯಿ, ನಲವತ್ತು ದಿನದ ಒಂದು ಕೂಸು. ಮೋಶೆಯ ಧರ್ಮಶಾಸ್ತ್ರದಂತೆ ಹೆರಿಗೆಯಾದ ತಾಯಿ ಒಂದು ಕುರಿಮರಿಯನ್ನು ಅರ್ಪಿಸಬೇಕು. ಕುರಿಮರಿ ಕೊಳ್ಳಲು ಶಕ್ತಿ ಇಲ್ಲದವರು ಎರಡು ಪಾರಿವಾಳ ತಂದರೂ ಸಾಕು. ಮರಿಯಮ್ಮ ಮತ್ತು ಜೋಸೆಫರು ತಂದದ್ದು ಆ ಬಡವರ ಕಾಣಿಕೆಯನ್ನೇ. ಜಗತ್ತಿನ ಬೆಳಕು ಮೊದಲ ಸಲ ದೇವಾಲಯಕ್ಕೆ ಬಂದದ್ದು ಬಡವರ ಸಾಲಿನಲ್ಲಿ ನಿಂತು. ಅದನ್ನು ಗುರುತಿಸಿದವರು ಮಹಾಯಾಜಕರೂ ಅಲ್ಲ, ದೇವಾಲಯದ ಆಡಳಿತ ಮಂಡಳಿಯವರೂ ಅಲ್ಲ. ಸಿಮೆಯೋನ ಎಂಬ ಮುದುಕ ಮತ್ತು ಅನ್ನ ಎಂಬ ಎಂಬತ್ತನಾಲ್ಕು ವರ್ಷದ ವಿಧವೆ, ಇವರಿಬ್ಬರು.

ಇನ್ನೊಂದು ವಿಷಯವನ್ನು ಗಮನಿಸಿ. ಸಿಮೆಯೋನನು ಕೂಸನ್ನು ಕೈಗೆತ್ತಿಕೊಂಡು, ಇದು ಎಲ್ಲ ಜನಾಂಗಗಳಿಗೂ ಬೆಳಕು ಎಂದು ದೇವರನ್ನು ಸ್ತುತಿಸಿದ. ಆದರೆ ಆ ಬೆಳಕನ್ನು ಅವನು ದೇವಾಲಯದಲ್ಲಿ ಇರಿಸಿಕೊಳ್ಳಲಿಲ್ಲ. ಕೂಸನ್ನು ತಾಯಿಯ ಮಡಿಲಿಗೇ ಒಪ್ಪಿಸಿದ. ಬೆಳಕು ಆ ಬಡ ದಂಪತಿಗಳ ಜೊತೆ ಅವರದೇ ಊರಾದ ನಜರೇತಿಗೆ ಹೋಯಿತು, ಅಲ್ಲಿಯೇ ಬೆಳೆಯಿತು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಖಾನಾಪುರದ ಆಚೆ, ಕಾಡಿನೊಳಗಿನ ಒಂದು ಸಣ್ಣ ವಸತಿಗೆ ನಾನು ಆಗಾಗ ಬಲಿಪೂಜೆಗೆ ಹೋಗುತ್ತಿದ್ದೆ. ಹೆಚ್ಚಿನವರು ಸಿದ್ದಿ ಕುಟುಂಬದವರು. ಕರೆಂಟಿನ ಕಂಬ ಅಲ್ಲಿಗೆ ಬಂದಿರಲಿಲ್ಲ. ಮಕ್ಕಳು ಚಿಮಣಿ ಬುಡ್ಡಿಯ ಹೊಗೆಯಲ್ಲಿ ಓದುತ್ತಿದ್ದರು. ಒಂದು ತಪಸ್ಸುಕಾಲದಲ್ಲಿ ನಾವು ಯುವಜನರನ್ನು ಸೇರಿಸಿ ಹಣ ಕೂಡಿಸಿದೆವು. ಸೋಲಾರ್ ಫಲಕ ಕೊಂಡೆವು, ಬ್ಯಾಟರಿ ಕೊಂಡೆವು, ಮನೆಗೊಂದು ಬಲ್ಬು ಹಾಕಿಸಿದೆವು. ಬ್ಯಾಟರಿಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಯಾರಾದರೂ ಕೈಯಾಡಿಸಿ ಕೆಡಿಸಿಯಾರು ಎಂಬ ಹೆದರಿಕೆ. ಕೀಲಿಯನ್ನು ನಾನು ನನ್ನ ಮೇಜಿನ ಡ್ರಾವರಿನಲ್ಲಿ ಇಟ್ಟುಕೊಂಡೆ. ಉದ್ಘಾಟನೆಯ ದಿನ ಹಾರ, ಭಾಷಣ, ಫೋಟೋ ಎಲ್ಲ ಆಯಿತು. ನನಗೂ ಒಳಗೊಳಗೇ ಹೆಮ್ಮೆ.

ನಿಮ್ಮಲ್ಲಿ ಇನ್ವರ್ಟರ್ ಇದ್ದವರಿಗೆ ಗೊತ್ತು, ಆ ಬಗೆಯ ಬ್ಯಾಟರಿಗೆ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನೀರು ಇಳಿದರೆ ಒಳಗಿನ ಸೀಸದ ತಗಡುಗಳು ಹಾಳಾಗುತ್ತವೆ. ಮಳೆಗಾಲ ಬಂತು. ಖಾನಾಪುರದ ಮಳೆ ನಿಮಗೆ ಹೇಳಬೇಕಾಗಿಲ್ಲ. ಆ ತಾಲೂಕಿನ ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ನಾಲ್ಕು ತಿಂಗಳು ಬಿಸಿಲು ಸರಿಯಾಗಿ ಬೀಳಲಿಲ್ಲ, ಬ್ಯಾಟರಿ ಪೂರ್ತಿ ತುಂಬಲಿಲ್ಲ. ಆಮೇಲೆ ಬೇಸಿಗೆ ಬಂತು, ನೀರು ಒಣಗಿತು. ಪೆಟ್ಟಿಗೆಗೆ ಬೀಗ. ಕೀಲಿ ನನ್ನ ಹತ್ತಿರ. ಅಷ್ಟರಲ್ಲಿ ನಾನು ಬೇರೆ ಕೆಲಸಗಳಲ್ಲಿ ಮುಳುಗಿದ್ದೆ. ಮುಂದಿನ ಪಾಸ್ಖ ಕಾಲದಲ್ಲಿ ಅಲ್ಲಿಗೆ ಹೋದಾಗ ಮಕ್ಕಳು ಮತ್ತೆ ಚಿಮಣಿ ಬುಡ್ಡಿಯ ಮುಂದೆ ಕುಳಿತಿದ್ದರು.

ಅಲ್ಲೊಬ್ಬ ಅಜ್ಜಿ. ಜಪಸರ ಕೈಬಿಟ್ಟವರಲ್ಲ. ಅವರು ಸಿಟ್ಟು ಮಾಡಲಿಲ್ಲ. ನಗುತ್ತಲೇ ಹೇಳಿದರು: "ಫಾದರ್, ದೀಪಾ ಕೊಟ್ರಿ, ಚಲೋ ಆತು. ಆದರ ಕೀಲಿ ನಿಮ್ಮ ಹತ್ರಾನ ಇಟ್ಕೊಂಡ್ರಿ."

ಸಹೋದರ ಸಹೋದರಿಯರೇ, ಆ ಒಂದು ಮಾತು ನನಗೆ ಎಷ್ಟೋ ಧ್ಯಾನಕೂಟಗಳು ಕಲಿಸದ ಪಾಠವನ್ನು ಕಲಿಸಿತು. ನಾನು ಆ ಜನರಿಗೆ ಬೆಳಕು ಕೊಟ್ಟೆ, ಆದರೆ ಅವರನ್ನು ನಂಬಲಿಲ್ಲ. ಏನು ಬೇಕು ಎಂದು ಕೇಳಲೂ ಇಲ್ಲ.

ಅಂದಿನಿಂದ ನಾನು ಈ ವಿಷಯವಾಗಿ ಓದತೊಡಗಿದೆ. ಅಮೆರಿಕ ದೇಶದಲ್ಲಿ ನವಾಹೋ ಎಂಬ ಮೂಲನಿವಾಸಿ ಜನಾಂಗವಿದೆ. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ದಿನೇ ಎಂದು ಕರೆದುಕೊಳ್ಳುತ್ತಾರೆ. ಆ ದೇಶದಲ್ಲಿ ಮೂಲನಿವಾಸಿಗಳಿಗಾಗಿ ಕಾದಿರಿಸಿದ ಪ್ರದೇಶಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವರದೇ. ಅವರಿಗೆ ಸ್ವಂತ ಆಡಳಿತ ಸಭೆಯಿದೆ, ಸ್ವಂತ ನ್ಯಾಯಾಲಯಗಳಿವೆ. ಅದೇ ಜನಾಂಗದಲ್ಲಿ ಹುಟ್ಟಿ, ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಭೂಗೋಳಶಾಸ್ತ್ರ ಕಲಿಸುವ ವಿದ್ವಾಂಸರು ಆಂಡ್ರ್ಯೂ ಕರ್ಲಿ. ತಮ್ಮ ಜನರ ಕಲ್ಲಿದ್ದಲು, ವಿದ್ಯುತ್ತು ಮತ್ತು ಸ್ವಾಧಿಕಾರದ ಬಗ್ಗೆ ಅವರು ಬರೆದ 'ಕಾರ್ಬನ್ ಸಾವರೆಂಟಿ' ಎಂಬ ಗ್ರಂಥ 2023ರಲ್ಲಿ ಪ್ರಕಟವಾಯಿತು.

ಆ ನಾಡಿನ ಕಥೆ ಕೇಳಿದರೆ ನಮ್ಮ ಕಥೆ ಕೇಳಿದ ಹಾಗೇ ಆಗುತ್ತದೆ. ನವಾಹೋ ನೆಲದಲ್ಲಿ ಕಲ್ಲಿದ್ದಲು ಸಿಕ್ಕಿತು. 1970ರ ದಶಕದಲ್ಲಿ ಅಲ್ಲಿ 2,250 ಮೆಗಾವಾಟ್‌ನ ದೊಡ್ಡ ವಿದ್ಯುತ್ ಸ್ಥಾವರ ಎದ್ದಿತು. ಅದರ ಕರೆಂಟು ದೂರದ ಮಹಾನಗರಗಳಿಗೆ ಹೋಯಿತು. ಕೊಲರಾಡೋ ನದಿಯ ನೀರನ್ನು ಮರುಭೂಮಿಯ ನಗರಗಳಿಗೆ ಎತ್ತಿ ಹರಿಸುವ ಪಂಪುಗಳನ್ನೂ ಅದೇ ಓಡಿಸಿತು. ಆದರೆ ಹೊಗೆಯ ನೆರಳಿನಲ್ಲೇ ಇದ್ದ ಸಾವಿರಾರು ನವಾಹೋ ಮನೆಗಳಿಗೆ ಕರೆಂಟೂ ಇರಲಿಲ್ಲ, ನಲ್ಲಿ ನೀರೂ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವ ನಮ್ಮ ಗಾದೆಯನ್ನು ಅವರಿಗೆಂದೇ ಕಟ್ಟಿದಂತಿದೆ.

ಇಷ್ಟು ಕೇಳಿದರೆ, ಕಲ್ಲಿದ್ದಲು ಕೆಟ್ಟದ್ದು, ಬಿಸಿಲಿನ ಕರೆಂಟು ಒಳ್ಳೆಯದು, ಕಥೆ ಮುಗಿಯಿತು ಎಂದು ನಮಗೆ ಅನಿಸುತ್ತದೆ. ಕರ್ಲಿಯವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಅವರು ಗಣಿ ಕಾರ್ಮಿಕರ ಹತ್ತಿರ ಹೋಗಿ ಕುಳಿತು ಮಾತಾಡಿಸಿದರು. ತಮ್ಮದೇ ಜನರು ಆ ಗಣಿಯನ್ನು ಏಕೆ ಬಿಟ್ಟುಕೊಡಲು ಒಪ್ಪುತ್ತಿಲ್ಲ ಎಂದು ತಿಳಿಯಬೇಕಾಗಿತ್ತು. ದಿನೇ ಭಾಷೆಯಲ್ಲಿ ಒಂದು ಮಾತಿದೆಯಂತೆ. ಅದರ ಅರ್ಥ, ನಿನ್ನ ಬದುಕು ನಿನ್ನ ಕೈಯಿಂದಲೇ ಆಗಬೇಕು ಎಂದು. ಗಣಿಯ ಕೆಲಸ ಅವರಿಗೆ ಸ್ವಂತ ದುಡಿಮೆಯ ಅನ್ನ ಕೊಟ್ಟಿತ್ತು. ಊರು ಬಿಟ್ಟು ಪಟ್ಟಣಕ್ಕೆ ಗುಳೆ ಹೋಗದೆ ತಮ್ಮ ನೆಲದಲ್ಲೇ, ತಮ್ಮ ಹಿರಿಯರ ಹತ್ತಿರವೇ ಇರಲು ಅವಕಾಶ ಕೊಟ್ಟಿತ್ತು. ಆ ಸ್ಥಾವರ 2019ರ ನವೆಂಬರಿನಲ್ಲಿ ಮುಚ್ಚಿದಾಗ ಗಾಳಿ ಶುದ್ಧವಾಯಿತು. ಆದರೆ ನೂರಾರು ಮನೆಗಳ ಸಂಬಳ ನಿಂತಿತು, ಅವರ ಸರ್ಕಾರದ ವರಮಾನ ಕುಸಿಯಿತು. ಸ್ಥಾವರ ಕಟ್ಟುವ ನಿರ್ಧಾರದ ತಕ್ಕಡಿ ಯಾರ ಕೈಯಲ್ಲಿತ್ತೋ, ಮುಚ್ಚುವ ನಿರ್ಧಾರದ ತಕ್ಕಡಿಯೂ ಹೆಚ್ಚುಕಡಿಮೆ ಅವರ ಕೈಯಲ್ಲೇ ಇತ್ತು. ಅವರು ಹೊರಗಿನವರು.

ಇದರಿಂದ ನಾನು ಕಲಿತದ್ದು ಇಷ್ಟು. ಕಲ್ಲಿದ್ದಲು ಹೋಗಿ ಬಿಸಿಲು ಬರಬಹುದು. ಆದರೆ ನೆಲ ಅವರದಾಗಿ, ಒಡೆತನ, ಲಾಭ, ನಿರ್ಧಾರ ಬೇರೆಯವರದಾಗಿಯೇ ಉಳಿದರೆ, ಬದಲಾದದ್ದು ಒಲೆಗೆ ಹಾಕುವ ಸೌದೆ ಮಾತ್ರ. ಅಡುಗೆ ಯಾರಿಗೆ ಎಂಬುದು ಬದಲಾಗಲಿಲ್ಲ. ಅದಕ್ಕಾಗಿಯೇ ಅಲ್ಲಿನ ಯುವಜನರು ಒತ್ತಾಯಿಸಿ, 2009ರಲ್ಲಿ ತಮ್ಮ ಸಭೆಯಿಂದಲೇ ಹಸಿರು ಉದ್ಯೋಗಗಳಿಗಾಗಿ ಕಾನೂನು ಮಾಡಿಸಿಕೊಂಡರು. 2017ರಲ್ಲಿ ಕಾಯೆಂಟಾ ಎಂಬಲ್ಲಿ ನವಾಹೋ ಜನಾಂಗದ್ದೇ ವಿದ್ಯುತ್ ಸಂಸ್ಥೆ ತನ್ನ ಒಡೆತನದಲ್ಲಿ ದೊಡ್ಡ ಸೌರಸ್ಥಾವರ ಆರಂಭಿಸಿತು. ಎಲ್ಲ ಕಷ್ಟ ತೀರಿತೆಂದಲ್ಲ. ಆದರೆ ಕೀಲಿ ಊರಿಗೆ ಬಂತು.

ಅಮೆರಿಕ ದೂರವಾಯಿತು ಎನ್ನುತ್ತೀರಾ? ಹಾಗಾದರೆ ಖಾನಾಪುರ, ಲೋಂಡಾ ದಾಟಿ ರಾಮನಗರದ ತನಕ ಹೋಗಿ ಬನ್ನಿ. ನಮ್ಮಲ್ಲಿ ಎಷ್ಟೋ ಮಂದಿ ಗೋವೆಗೆ ಹೋಗುವಾಗ ಅಲ್ಲಿ ಇಳಿದು ಚಹಾ ಕುಡಿಯುತ್ತೇವೆ. ಆ ಊರು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದ್ದೇವೆಯೇ? ಗಣೇಶಗುಡಿಯ ಬಳಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದರು. ಸೂಪಾ ಎಂಬ ತಾಲೂಕಿನ ಊರೇ ನೀರಿನಡಿ ಹೋಯಿತು. ತಾಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು. ಕಾಡಿನ ನಡುವೆ ಗದ್ದೆ ಮಾಡಿಕೊಂಡಿದ್ದ, ದನ ಕಾಯ್ದುಕೊಂಡಿದ್ದ ಕುಟುಂಬಗಳಲ್ಲಿ ಬಹಳ ಮಂದಿಯನ್ನು ತಂದು ಕೂರಿಸಿದ್ದು ರಾಮನಗರದಲ್ಲಿ. ನೀರಿನ ಕರೆಂಟಿಗೆ ಹೊಗೆ ಇಲ್ಲ, ಇದ್ದಿಲು ಬೇಕಿಲ್ಲ. ಪುಸ್ತಕದಲ್ಲಿ ಅದು ನವೀಕರಿಸಬಹುದಾದ ಇಂಧನ. ನಿಜ. ಆದರೆ ಮುಳುಗಿದ ಮನೆ ನವೀಕರಣವಾಗುವುದಿಲ್ಲ. ನಾಡಿನ ತಂತಿಗಳಲ್ಲಿ ಹರಿಯುವ ಕರೆಂಟಿನಲ್ಲಿ ಕಾಳಿಯ ಪಾಲೂ ಇದೆ. ಇಂದು ಈ ದೇವಾಲಯದಲ್ಲಿ ಉರಿಯುತ್ತಿರುವ ದೀಪಗಳಲ್ಲಿ ಆ ಜನರ ತ್ಯಾಗದ ಒಂದು ಹನಿ ಎಣ್ಣೆ ಇದೆ.

ಪ್ರಿಯರೇ, ಇಂದಿನ ದಿನಾಂಕಕ್ಕೆ ಸೇರಿದ ಇನ್ನೊಂದು ನೆನಪೂ ಇದೆ. ಜಾರ್ಖಂಡ್ ರಾಜ್ಯದಲ್ಲಿ ಕೋಯೆಲ್ ಮತ್ತು ಕಾರೋ ಎಂಬ ಎರಡು ನದಿಗಳು. ಅವಕ್ಕೆ ಅಣೆಕಟ್ಟು ಕಟ್ಟಿ 710 ಮೆಗಾವಾಟ್ ಜಲವಿದ್ಯುತ್ ತೆಗೆಯುವ ಯೋಜನೆ ಇತ್ತು. ಅಲ್ಲಿನ ಮುಂಡಾ ಮತ್ತು ಉರಾಂವ್ ಆದಿವಾಸಿಗಳು, ಅವರಲ್ಲಿ ಅನೇಕರು ಕ್ರೈಸ್ತರು, ದಶಕಗಳ ಕಾಲ ಅದನ್ನು ಒಪ್ಪಲಿಲ್ಲ. ಹೊಲಕ್ಕೆ ಬೆಲೆ ಕಟ್ಟಬಹುದು, ಹಿರಿಯರ ಸಮಾಧಿಕಲ್ಲುಗಳಿಗೆ, ಪೂಜೆಯ ತೋಪಿಗೆ ಏನು ಬೆಲೆ ಎಂಬುದು ಅವರ ಪ್ರಶ್ನೆ. 2001ರ ಫೆಬ್ರವರಿ 2ರಂದು, ಮೇಣದ ಬತ್ತಿಗಳ ಹಬ್ಬದ ದಿನವೇ, ತಪಕರಾ ಎಂಬಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಎಂಟು ಮಂದಿ ಸತ್ತರು. 2003ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಇಂದಿಗೂ ಪ್ರತಿ ವರ್ಷ ಇದೇ ದಿನ ಅಲ್ಲಿಯ ಜನ ಸೇರಿ ಅವರನ್ನು ನೆನೆಯುತ್ತಾರೆ. ಸಿಮೆಯೋನನು ಮರಿಯಮ್ಮನಿಗೆ, ನಿನ್ನ ಹೃದಯವನ್ನೂ ಅಲಗೊಂದು ಇರಿಯುವುದು ಎಂದು ಮುಂದಾಗಿ ತಿಳಿಸಿದ. ತಪಕರಾದ ತಾಯಂದಿರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

ಅದೇ ಉರಾಂವ್ ಸಮುದಾಯದ ವಿದ್ವಾಂಸರು, ದೆಹಲಿಯಲ್ಲಿ ಬಹುಕಾಲ ಸಮಾಜಶಾಸ್ತ್ರ ಕಲಿಸಿದ ಪ್ರೊಫೆಸರ್ ವರ್ಜೀನಿಯಸ್ ಖಾಖಾ. ದೇಶದ ಬುಡಕಟ್ಟು ಜನರ ಸ್ಥಿತಿಗತಿ ತಿಳಿಯಲು 2013ರಲ್ಲಿ ನೇಮಕವಾದ ಉನ್ನತ ಸಮಿತಿಗೆ ಅವರೇ ಅಧ್ಯಕ್ಷರು. 2014ರಲ್ಲಿ ಒಪ್ಪಿಸಿದ ವರದಿಯಲ್ಲಿರುವ ಒಂದು ಲೆಕ್ಕ ನೋಡಿ. ದೇಶದ ಜನಸಂಖ್ಯೆಯಲ್ಲಿ ಬುಡಕಟ್ಟಿನವರು ಶೇಕಡಾ 8.6. ಅಭಿವೃದ್ಧಿಯ ಹೆಸರಿನಲ್ಲಿ ನೆಲೆ ಕಳೆದುಕೊಂಡವರಲ್ಲಿ ಅವರ ಪಾಲು ಸುಮಾರು ಶೇಕಡಾ 40. ಹಬ್ಬದೂಟಕ್ಕೆ ಹತ್ತರಲ್ಲಿ ಒಬ್ಬನೂ ಇಲ್ಲ, ಬಿಲ್ಲು ಕೊಡುವಾಗ ಹತ್ತರಲ್ಲಿ ನಾಲ್ವರು. ಇದು ನ್ಯಾಯವೇ?

ಪವಿತ್ರ ಗ್ರಂಥ ಇದನ್ನು ಮೊದಲೇ ಕಂಡಿದೆ. ಅರಸರ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ನಾಬೋತ ಎಂಬ ರೈತನ ದ್ರಾಕ್ಷಿತೋಟದ ಪ್ರಸಂಗ ಬರುತ್ತದೆ. ಅರಸ ಅಹಾಬನು ಮೊದಲು ದರೋಡೆ ಮಾಡಲಿಲ್ಲ. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೆ ಹಣ ಕೊಡುತ್ತೇನೆ ಎಂದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಳ್ಳೆಯ ಪರಿಹಾರದ ಪ್ಯಾಕೇಜು. ನಾಬೋತ ಒಲ್ಲೆ ಎಂದ. ಅದು ಪಿತೃಗಳಿಂದ ಬಂದ ಭೂಮಿ. ಅಹಾಬನ ಪಾಪ ತೋಟ ಕೇಳಿದ್ದರಲ್ಲಿ ಇರಲಿಲ್ಲ. ಒಲ್ಲೆ ಎನ್ನುವ ಹಕ್ಕು ಆ ಬಡವನಿಗೆ ಇದೆ ಎಂದು ಒಪ್ಪದೆ, ಈಜೆಬೆಲಳು ಅವನ ಹೆಸರಿನಲ್ಲಿ ನಡೆಸಿದ ಕೊಲೆಯ ಫಲವನ್ನು ತಾನು ಉಣ್ಣಲು ಹೋದದ್ದರಲ್ಲಿತ್ತು. ಸ್ವಾಧಿಕಾರ ಎಂಬ ದೊಡ್ಡ ಶಬ್ದದ ಸಣ್ಣ ಅರ್ಥ ಇದೇ: ಹೂಂ ಎನ್ನುವ ಹಕ್ಕು, ಒಲ್ಲೆ ಎನ್ನುವ ಹಕ್ಕು, ಎರಡೂ ಆ ಮನೆಯವರದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಾಡಿನವರು ಕಾಡಿನಲ್ಲೇ ಇರಲಿ, ಅದೇ ಚೆಂದ ಎಂದು ಕ್ಯಾಂಪಿನ ಡಾಂಬರು ರಸ್ತೆಯಲ್ಲಿ ಓಡಾಡುವ ನಾವು ಹೇಳುವುದು ಸುಲಭ. 2011ರಲ್ಲಿ ಖಾನಾಪುರದ ಭೀಮಗಡ ವನ್ಯಜೀವಿ ಧಾಮವಾಯಿತು. ಅದರೊಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2025ರಲ್ಲಿ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಹೊರಗೆ ಬರಲು ಒಪ್ಪಿದವು. ಅವರ ಮಕ್ಕಳಿಗೆ ಶಾಲೆ, ಆಸ್ಪತ್ರೆ ಬೇಕು. ಅದನ್ನು ತಪ್ಪೆನ್ನಲು ನಾವು ಯಾರು? ಇನ್ನು ಕೆಲವರು ಅಲ್ಲೇ ಇರುತ್ತೇವೆ, ರಸ್ತೆ ಕೊಡಿ, ದೀಪ ಕೊಡಿ ಎನ್ನುತ್ತಾರೆ. ಅದೂ ನ್ಯಾಯ. ಆದರೆ ದೀಪ, ದಾರಿ ಇಲ್ಲದ್ದರಿಂದಲೇ ಒಬ್ಬನು ಊರು ಬಿಟ್ಟರೆ ಅದು ಪೂರ್ತಿ ಸ್ವಂತ ಇಚ್ಛೆಯೇ? ಈ ಪ್ರಶ್ನೆಯನ್ನು ನಾವು ನಮ್ಮ ಅಂತಃಸಾಕ್ಷಿಗೆ ಕೇಳಿಕೊಳ್ಳಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3ನೆಯ ಕಲಮಿನ 2ನೆಯ ಉಪಕಲಮನ್ನು ನಮ್ಮ ಯುವಜನರು ತಪ್ಪದೆ ಓದಬೇಕು. ಕಾಡಿನ ಊರಿಗೆ ಬೇಕಾದ 13 ಬಗೆಯ ಸೌಕರ್ಯಗಳನ್ನು ಅದು ಹೆಸರಿಸುತ್ತದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ, ವಿದ್ಯುತ್ ತಂತಿ, ಜೊತೆಗೆ ಅಸಾಂಪ್ರದಾಯಿಕ ಇಂಧನ. ಒಂದೊಂದಕ್ಕೂ ಒಂದು ಹೆಕ್ಟೇರಿಗೆ ಮೀರದ ಅರಣ್ಯಭೂಮಿ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಎಲ್ಲಕ್ಕೂ ಮುಖ್ಯವಾದ ಷರತ್ತು, ಗ್ರಾಮಸಭೆಯ ಶಿಫಾರಸು ಬೇಕು. ಊರಿನವರು ಕೂತು ತೀರ್ಮಾನಿಸಬೇಕು. ಅಜ್ಜಿ ಹೇಳಿದ ಕೀಲಿ ಎಂದರೆ ಇದೇ.

ಸಿದ್ದಿ ಬಂಧುಗಳ ವಿಷಯವನ್ನೂ ಹೇಳಬೇಕು. ಅವರ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರಿಗೆ ಈ ಕಾಡು ಆಶ್ರಯ ಕೊಟ್ಟಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿಯ ಈಚೆ ಇದ್ದ ಅವರದೇ ಅಕ್ಕತಂಗಿಯರು ಸೇರಲಿಲ್ಲ! ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳಿಗೆ ಆ ಹಕ್ಕು ಬಂದದ್ದು 2020ರ ತಿದ್ದುಪಡಿಯಿಂದ. ಅಲ್ಲಿಯ ತನಕ ಕಾಡಿನ ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲೇ ಇದ್ದೇವೆ ಎಂಬ ಪುರಾವೆಯನ್ನು ಓದುಬರಹ ಬಾರದವರೂ ತರಬೇಕಿತ್ತು. ನಮ್ಮ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಅವರ ಹಿರಿಯರ ಹೆಸರುಗಳಿದ್ದರೆ, ಕೇಳಿದವರಿಗೆ ಕೂಡಲೇ ನಕಲು ತೆಗೆದುಕೊಡುವುದು ಧರ್ಮಕೇಂದ್ರಗಳ ಕರ್ತವ್ಯ ಎಂದು ನಾನು ನಂಬುತ್ತೇನೆ.

ಊರಿನವರ ಕೈಗೆ ಹಕ್ಕು ಕೊಟ್ಟರೆ ಕಾಡು ಉಳಿದೀತೇ ಎಂದು ಕೆಲವರು ಕೇಳುತ್ತಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಸೋಲಿಗರಲ್ಲೇ ಹುಟ್ಟಿ ಡಾಕ್ಟರೇಟ್ ಪಡೆದ ಡಾ. ಸಿ. ಮಾದೇಗೌಡರಂಥವರು ತಮ್ಮ ಜನರ ಜೊತೆ ನಿಂತು ಇದಕ್ಕಾಗಿ ದುಡಿದರು. ಇಂದು ಅಲ್ಲಿ ಸೋಲಿಗರೂ ಇದ್ದಾರೆ, ಹುಲಿಗಳೂ ಇವೆ.

ಪಾವಗಡದ ಮಾತೂ ನೀವು ಕೇಳಿರಬಹುದು. ತುಮಕೂರು ಜಿಲ್ಲೆಯ ಆ ಬರದ ನಾಡಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಘಟಕ ಇದೆ. ಅಲ್ಲಿ ರೈತರ ಹೊಲವನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಪಹಣಿಯಲ್ಲಿ ಹೆಸರು ರೈತನದೇ ಉಳಿಯಿತು. ಇದು ಮೆಚ್ಚಬೇಕಾದ ದಾರಿ. ಆದರೆ ಹೊಲವೇ ಇಲ್ಲದ ಕೂಲಿಯವರಿಗೆ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಒಳ್ಳೆಯ ಕೆಲಸದಲ್ಲೂ ಯಾರನ್ನು ಕೇಳಲಿಲ್ಲ ಎಂದು ನೋಡುವ ಕಣ್ಣು ಕ್ರೈಸ್ತರಿಗೆ ಇರಬೇಕು.

ಧರ್ಮಸಭೆಯ ಬೋಧನೆಯೂ ಇದೇ. ದಿವಂಗತ ವಿಶ್ವಗುರು ಫ್ರಾನ್ಸಿಸ್ 2015ರಲ್ಲಿ ಬರೆದ 'ಲೌದಾತೊ ಸೀ' ಎಂಬ ವಿಶ್ವಪತ್ರದ 146ನೆಯ ಪರಿಚ್ಛೇದ ಮೂಲನಿವಾಸಿಗಳ ಬಗ್ಗೆಯೇ ಇದೆ. ಅವರ ನೆಲದ ಮೇಲೆ ದೊಡ್ಡ ಯೋಜನೆಗಳು ಬರುವಾಗ ಅವರನ್ನು ಹಲವರಲ್ಲಿ ಒಂದು ಗುಂಪೆಂದು ಕಾಣದೆ, ಮಾತುಕತೆಯಲ್ಲಿ ಪ್ರಧಾನ ಸ್ಥಾನ ಕೊಡಬೇಕು ಎಂಬುದು ಅದರ ತಾತ್ಪರ್ಯ. ಅದೇ ವಿಶ್ವಗುರು 2024ರಲ್ಲಿ, ವ್ಯಾಟಿಕನ್ನಿಗೆ ಬೇಕಾದ ವಿದ್ಯುತ್ತನ್ನು ಧರ್ಮಸಭೆಯದೇ ಜಮೀನಿನಲ್ಲಿ, ಕೃಷಿಯೂ ನಡೆಯುವಂತೆ ಸೌರಫಲಕ ಹಾಕಿ ಪಡೆಯಲು ಆಜ್ಞೆ ಹೊರಡಿಸಿದರು. ತಮ್ಮ ಮನೆಯ ದೀಪಕ್ಕೆ ತಮ್ಮದೇ ನೆಲ, ಇನ್ನೊಬ್ಬರ ನೆಲವಲ್ಲ. ಒಳ್ಳೆಯ ಮೇಲ್ಪಂಕ್ತಿ.

ಇನ್ನು ನಮ್ಮ ಪಾಲಿನ ಕೆಲಸ. ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಕೊಡುವ ಮುನ್ನ ಕೇಳೋಣ. ನಾನು ಆ ವಸತಿಗೆ ಮತ್ತೆ ಹೋದೆ. ಈ ಸಲ ಬರಿಗೈಯಲ್ಲಿ ಹೋದೆ, ಕೀಲಿಯನ್ನು ಮಾತ್ರ ಒಯ್ದೆ. ಅದನ್ನು ಅಜ್ಜಿಯ ಕೈಗೆ ಕೊಟ್ಟು, ಏನು ಮಾಡಬೇಕು ನೀವೇ ಹೇಳಿ ಎಂದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಗಸರು ಮಾತಾಡಿದರು. ಮೊದಲ ದೀಪ ಮನೆಯೊಳಗೆ ಬೇಡ, ರಾತ್ರಿ ನೀರಿಗೆ ಹೋಗುವ ದಾರಿಯಲ್ಲಿ ಬೇಕು, ಹಾವಿನ ಭಯ ಎಂದರು. ನನ್ನ ಯೋಜನೆಯಲ್ಲಿ ಆ ದಾರಿಯೇ ಇರಲಿಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲ, ಆದರೆ ಹಳ್ಳ ತುಂಬಿ ಹರಿಯುತ್ತದೆ, ಅದರಿಂದ ಆಗದೇ ಎಂದು ಒಬ್ಬ ಹುಡುಗ ಕೇಳಿದ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ತೊರೆಯ ನೀರಿಗೆ ಸಣ್ಣ ಟರ್ಬೈನು ಕಟ್ಟಿ ದೀಪ ಉರಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು, ನನಗೆ ಹೊಳೆದಿರಲಿಲ್ಲ.

ಎರಡನೆಯದು, ಒಡೆತನವೂ ರಿಪೇರಿಯೂ ಅವರದಾಗಲಿ. ನಮ್ಮ ರಾಜ್ಯದಲ್ಲೇ 1995ರಲ್ಲಿ ಸೆಲ್ಕೋ ಸಂಸ್ಥೆ ಆರಂಭಿಸಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ನಂಬಿದ್ದು ಇದನ್ನೇ. ಬಡವನನ್ನು ದಾನ ಪಡೆಯುವವನೆಂದು ಕಾಣಬೇಡಿ, ಬ್ಯಾಂಕಿನ ಸಾಲ ಕೊಡಿಸಿ, ಅವನು ತನ್ನ ದುಡಿಮೆಯಿಂದ ತೀರಿಸುತ್ತಾನೆ. ಆ ವಸತಿಯ ಸ್ವಸಹಾಯ ಸಂಘದ ಹೆಂಗಸರು ತಿಂಗಳಿಗೆ ಇಷ್ಟೆಂದು ತಾವೇ ವಂತಿಗೆ ಗೊತ್ತು ಮಾಡಿದರು. ಒಬ್ಬ ಹುಡುಗ, ಒಬ್ಬ ಹುಡುಗಿ ವೈರಿಂಗ್ ಕೆಲಸ ಕಲಿತರು. ಎರಡು ಮನೆಯವರು ನಮಗೆ ಬೇಡ ಎಂದರು. ಯಾರೂ ಬಲವಂತ ಮಾಡಲಿಲ್ಲ. ಎಲ್ಲ ಸುಸೂತ್ರವಾಯಿತು ಎಂದು ಹೇಳಲಾರೆ. ಈಗಲೂ ದೀಪ ಆರುವ ದಿನಗಳಿವೆ. ಆದರೆ ಆರಿದಾಗ ಅವರು ನನ್ನ ದಾರಿ ಕಾಯುವುದಿಲ್ಲ.

ಆ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. "ಸೋಲಾರ್ ಬಂತಲ್ಲ, ಇನ್ನ ಕಂಬಾ ಯಾಕ, ರಸ್ತಾ ಯಾಕ ಅಂತ ನಾಳಿ ಯಾರರ ಅಂದ್ರ ಏನ್ ಮಾಡೂದ್ರಿ ಫಾದರ್?" ಸಹೋದರ ಸಹೋದರಿಯರೇ, ನಮ್ಮ ದಾನ ಅವರ ಹಕ್ಕಿಗೆ ಅಡ್ಡ ಬರಬಾರದು. ಮುಂದಿನ ಗ್ರಾಮಸಭೆಗೆ ಅರ್ಜಿ ಬರೆಯಲು ಅವರು ನಮ್ಮ ವಕೀಲರನ್ನು, ಶಿಕ್ಷಕರನ್ನು ಕರೆದಿದ್ದಾರೆ. ಬರೆಯುವುದು ನಮ್ಮವರು, ಏನು ಬರೆಯಬೇಕೆಂದು ಹೇಳುವುದು ಅವರು. ಹೋಗುವವರು ಬಲಿಪೂಜೆಯ ಬಳಿಕ ಹೆಸರು ಕೊಡಿ.

ಮೂರನೆಯದು, ನಮ್ಮ ಚಾವಣಿಯಿಂದ ಆರಂಭಿಸೋಣ. ಕ್ಯಾಂಪಿನ ನಮ್ಮ ಮನೆಗಳ ಮೇಲೆ, ಶಾಲೆಗಳ ಮೇಲೆ ವರ್ಷದ ಎಂಟು ತಿಂಗಳು ಒಳ್ಳೆಯ ಬಿಸಿಲು ಬೀಳುತ್ತದೆ. ಒಂದು ಸೌರಫಲಕ ಸುಮಾರು 25 ವರ್ಷ ಬಾಳುತ್ತದೆ. ಹಬ್ಬಕ್ಕೆ ಒಂದು ದಿನದ ಝಗಮಗ ಲೈಟಿಂಗಿಗೆ ಸುರಿಯುವ ಹಣವನ್ನು ಲೆಕ್ಕ ಹಾಕಿ ನೋಡಿ. ನಮಗೆ ಬೇಕಾದ ಬೆಳಕನ್ನು ನಮ್ಮ ಚಾವಣಿಯಿಂದಲೇ ಪಡೆದಷ್ಟು, ಅನವಶ್ಯಕ ದೀಪ ಆರಿಸಿದಷ್ಟು, ಇನ್ನೊಂದು ಕಣಿವೆಯನ್ನು ಮುಳುಗಿಸು ಎನ್ನುವ ಒತ್ತಡ ಅಷ್ಟಾದರೂ ಕಡಿಮೆಯಾಗುತ್ತದೆ.

ಮನೆಗೆ ಹೋಗುವಾಗ ಈ ಬತ್ತಿಯನ್ನು ಒಯ್ಯಿರಿ. ಮಳೆಗಾಲದ ರಾತ್ರಿ ಲೈಟು ಹೋದಾಗ ಹುಡುಕುತ್ತೀರಲ್ಲ, ಆಗ ಇದನ್ನು ಹೊತ್ತಿಸಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ದಿನವೂ ಹೀಗೇ ಇರುವ ಮನೆಗಳಿಗಾಗಿ ಒಂದು ನಮೋ ಮರಿಯ ಹೇಳಿರಿ. ಸಿಮೆಯೋನನನ್ನು ನೆನೆಯಿರಿ. ಅವನು ಬೆಳಕನ್ನು ಎತ್ತಿ ಆಡಿಸಿದ, ಕಣ್ತುಂಬ ನೋಡಿದ, ಮತ್ತೆ ಅದರ ತಾಯಿಯ ಕೈಗೆ ಒಪ್ಪಿಸಿದ. ಈಗ ನಾನು ನೆಮ್ಮದಿಯಿಂದ ಕಣ್ಣು ಮುಚ್ಚಬಲ್ಲೆ ಎಂದದ್ದೂ ಅವನೇ. ಕೀಲಿ ಹಿಡಿದುಕೊಂಡವನಿಗೆ ಆ ನೆಮ್ಮದಿ ಸಿಗುವುದಿಲ್ಲ. ನನಗೆ ಅದು ಅನುಭವದಿಂದ ಗೊತ್ತು.

ಪ್ರಾರ್ಥಿಸೋಣ: ಎಲ್ಲ ಜನಾಂಗಗಳ ಬೆಳಕಾದ ಪ್ರಭುವೇ, ಬಡವರ ಕಾಣಿಕೆಯೊಂದಿಗೆ ನೀವು ದೇವಾಲಯಕ್ಕೆ ಬಂದಿರಿ. ನಮ್ಮ ಮನೆಗಳನ್ನು ಬೆಳಗಿಸಲು ತಮ್ಮ ಮನೆ ಕಳೆದುಕೊಂಡವರನ್ನು ಆಶೀರ್ವದಿಸಿರಿ. ಕೇಳುವ ಕಿವಿಯನ್ನೂ, ಬಿಟ್ಟುಕೊಡುವ ಕೈಯನ್ನೂ ನಮಗೆ ಕರುಣಿಸಿರಿ. ಕಾಡಿನ ದಾರಿಯಲ್ಲಿ ನಡೆಯುವ ತಾಯಂದಿರ ಹೆಜ್ಜೆಗೆ ಬೆಳಕಾಗಿರಿ. ಆಮೆನ್.